ಬೋವಜನ ಬಲಗಡೆ

ಹಿಲ್ಕೀಯಪ್ಪನವರ ಎಡಗಡೆಯ ಜಾಗ ಹಿಡಿಯಲು ನಮ್ಮ ಕ್ರೈಸ್ತ ದೇವಾಲಯದಲ್ಲಿ ಭಾನುವಾರ ಕೋಳಿ ಕೂಗುವ ಮೊದಲೇ ಬಂದು ಬೆಂಚಿನ ಮೇಲೆ ಟವೆಲು ಹಾಸಿ ಹೋಗುವವರಿದ್ದಾರೆ. ಹಿಲ್ಕೀಯಪ್ಪನವರು ಅಷ್ಟು ದೊಡ್ಡ ಮನುಷ್ಯರೇನಲ್ಲ. ಆದರೆ ಬೇಡುವುದರಲ್ಲಿ ಎತ್ತಿದ ಕೈ. ನಾಚಿಕೆ ಸಂಕೋಚ ಒಂದೂ ಇಲ್ಲದೆ, ಅಂಗಡಿಯಲ್ಲಿ ಸಾಮಾನು ಹೇಳಿದ ಹಾಗೆ ತನಗೆ ಬೇಕಾದದ್ದನ್ನೆಲ್ಲ ಹೇಳಿಕೊಳ್ಳುತ್ತಾರೆ. ಒಮ್ಮೆ ಅವರು ತಲೆಗೂದಲು ಬೇಡಿದರು. ಎಡಗಡೆ ಕೂತಿದ್ದ ಅಂಚೆಯವನ ಬೋಳು ತಲೆಯಲ್ಲಿ ಮಂಗಳವಾರದ ಹೊತ್ತಿಗೆ ಗುಂಗುರು ಕೂದಲು ಬಂತು. ಮುಂದಿನ ಭಾನುವಾರ ಅಂಚೆಯವನಿಗೆ ಆ ಜಾಗ ತಪ್ಪಿತು, ಕೂದಲೂ ಉದುರಿತು. ಪಾಪ, ಅಷ್ಟರೊಳಗೆ ಅವನು ಒಂದು ಬಾಚಣಿಗೆ ಕೊಂಡುಬಿಟ್ಟಿದ್ದ.

ನಮ್ಮೂರಿನಲ್ಲಿ ಯಾರು ಏನು ಬೇಡಿಕೊಂಡರೂ ಅದು ಅವರ ಎಡಗಡೆ ಪಕ್ಕದಲ್ಲಿ ಇರುವವರಿಗೆ ಹೋಗುತ್ತದೆ. ಹಾಗಾದರೆ ಎಡಗಡೆಯವನ ಹೆಸರು ಹೇಳಿಯೇ ಬೇಡಬಹುದಲ್ಲ ಎಂದು ಹೊರಗಿನಿಂದ ಬಂದ ಬುದ್ಧಿವಂತರು ಕೇಳುವುದುಂಟು. ಹಾಗೆ ಬೇಡಿದರೆ ಯಾರಿಗೂ ಏನೂ ಸಿಗುವುದಿಲ್ಲ. ತನಗೇ ಬೇಕು ಎಂದು ಹೊಟ್ಟೆಯೊಳಗಿನಿಂದ ಎದ್ದ ಆಸೆ ಮಾತ್ರ ಎಡಕ್ಕೆ ದಾಟುತ್ತದೆ. ಅದಕ್ಕೇ ನಮ್ಮಲ್ಲಿ ಮದುವೆಯಾದ ಹೊಸದರಲ್ಲಿ ಗಂಡ ಹೆಂಡಿರ ನಡುವೆ ಮೊದಲ ಜಗಳ ಬರುವುದು ಯಾರು ಯಾವ ಕಡೆ ಕೂರಬೇಕು ಎನ್ನುವ ವಿಷಯಕ್ಕೆ.

ನಮ್ಮ ಮನೆಯಲ್ಲಿ ಆ ಜಗಳ ಬರಲಿಲ್ಲ. ನಾನು ಪರ್ಸಿಸ್, ವಿಶ್ವವಿದ್ಯಾಲಯದ ಸಂಗೀತದ ಟೀಚರು, ದೇವಾಲಯದಲ್ಲಿ ಹಾರ್ಮೋನಿಯಂ ನುಡಿಸುವವಳು. ಆ ಹಾರ್ಮೋನಿಯಂ ಕಾಲಿನಿಂದ ತುಳಿಯುವ ಹಳೆಯ ಕಾಲದ್ದು, ಆನೆಮರಿಯಷ್ಟು ಭಾರ. ಅದನ್ನು ತಂದ ಮಿಷನರಿ ಸಾಹೇಬರು ಬಲಗಡೆಯ ಗೋಡೆಯ ತೀರಾ ಹತ್ತಿರ ಇಟ್ಟು ಹೋದರು, ಅದು ಇವತ್ತಿಗೂ ಅಲ್ಲೇ ಇದೆ. ಹಾಗಾಗಿ ನನ್ನ ಎಡಗಡೆ ಮೊದಲ ಬೆಂಚಿನ ತುದಿಯಲ್ಲಿ ನಮ್ಮ ಯಜಮಾನರು ಥಿಯೋಫಿಲ, ಬಲಗಡೆ ಹಳೆಯ ಸ್ತೋತ್ರದ ಪುಸ್ತಕಗಳ ರಾಶಿ ಮತ್ತು ಗೋಡೆ. ಗೋಡೆ ಏನನ್ನು ಬೇಡುತ್ತದೆ? ನನಗೆ ಯಾವತ್ತೂ ಏನೂ ಸಿಕ್ಕಿಲ್ಲ. ನಾನು ಬೇಡಿದ್ದೆಲ್ಲ ತಿಂದು ನಮ್ಮ ಯಜಮಾನರು ಮಾತ್ರ ಗುಂಡುಕಲ್ಲಿನ ಹಾಗಿದ್ದಾರೆ. ಕೆಲವು ವರ್ಷಗಳಿಂದ ನನ್ನ ಕೈ ನಡುಗಲು ಶುರುವಾಗಿತ್ತು. ಕೈ ನಿಲ್ಲಲಿ, ಹಿಡಿದದ್ದು ಜಾರದಿರಲಿ ಎಂದು ನಾನು ಪ್ರತಿ ಭಾನುವಾರ ಬೇಡುತ್ತಿದ್ದೆ. ಯಜಮಾನರು ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಿ ಕೇರಿಯ ಹೆಂಗಸರಿಗೆಲ್ಲ ತೋರಿಸಿಕೊಂಡು ಬರುತ್ತಿದ್ದರು.

ಇನ್ನು ವಿಶ್ವವಿದ್ಯಾಲಯ ಎಂದರೆ ನೀವು ಏನೇನೋ ಊಹಿಸಿಕೊಳ್ಳಬೇಡಿ. ನಮ್ಮದು ಖಾಸಗಿ, ಕ್ರೈಸ್ತರದ್ದು, ಮತ್ತು ಬಹಳ ಸಣ್ಣದು. ಕನ್ನಡ, ದೇವಶಾಸ್ತ್ರ, ಜೇನುಸಾಕಣೆ ಎಂಬ ಮೂರು ವಿಭಾಗಗಳು; ಸಂಗೀತಕ್ಕೆ ವಿಭಾಗವಿಲ್ಲ, ನಾನೊಬ್ಬಳೇ. ಫುಟ್‌ಬಾಲ್ ತಂಡ ಮೈದಾನಕ್ಕೆ ಇಳಿದರೆ ತರಗತಿಗಳು ತಾವಾಗಿಯೇ ಖಾಲಿಯಾಗುತ್ತವೆ. ಆಟಕ್ಕೆ ಮುಂಚೆ ಹುಡುಗರು ಅಂಗಿಯ ಮೇಲಿನ ಸಂಖ್ಯೆಯ ಪ್ರಕಾರ ಒಂದೇ ಸಾಲಿನಲ್ಲಿ ನಿಂತು ಪ್ರಾರ್ಥಿಸಬೇಕು ಎನ್ನುವುದು ಅದೇ ಮಿಷನರಿ ಸಾಹೇಬರ ಕಟ್ಟಳೆ. ಒಂದನೆಯವನು ಬಲತುದಿಗೆ, ಹನ್ನೊಂದನೆಯವನು ಎಡತುದಿಗೆ. ಒಂದನೆಯ ಅಂಗಿ ಗೋಲ್‌ಕೀಪರನದು. ಅಂದರೆ ಇಡೀ ಸಾಲಿನಲ್ಲಿ ಎಲ್ಲರಿಗೂ ಬಲಗಡೆಯಿಂದ ಏನಾದರೊಂದು ಬಂದರೂ ಗೋಲ್‌ಕೀಪರನಿಗೆ ಮಾತ್ರ ಏನೂ ಬರುತ್ತಿರಲಿಲ್ಲ.

ಆ ಗೋಲ್‌ಕೀಪರ್ ಬೋವಜ. ಜೇನುಸಾಕಣೆಯ ಕೊನೆಯ ವರ್ಷದ ವಿದ್ಯಾರ್ಥಿ, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಉದ್ದ. ಚೆಂಡು ಯಾವ ಕಡೆಗೆ ಬರುತ್ತದೆಂದು ಅವನಿಗೆ ಸರಿಯಾಗಿ ತಿಳಿಯುತ್ತಿತ್ತು, ಸರಿಯಾದ ಕಡೆಗೇ ಹಾರುತ್ತಿದ್ದ, ಚೆಂಡು ಅವನ ಅಂಗೈಗೂ ಬರುತ್ತಿತ್ತು. ಆಮೇಲೆ ಬೆರಳ ಸಂದಿನಿಂದ ನುಸುಳಿ ಬಲೆಯೊಳಗೆ ಬೀಳುತ್ತಿತ್ತು. ಹುಡುಗರು ಅವನಿಗೆ ಹೆಬ್ಬಾಗಿಲು ಎಂದು ಹೆಸರಿಟ್ಟಿದ್ದರು. ಸತ್ಯವೇದದ ಪಾಠದಲ್ಲಿ ಬಾಗಿಲು ತೆರೆಯುವ ಮಾತು ಬಂದರೆ ಸಾಕು, ಹಿಂದಿನ ಬೆಂಚಿನಲ್ಲಿ ಕೆಮ್ಮು ಶುರುವಾಗುತ್ತಿತ್ತು. ಅವನು ಅವರ ಜೊತೆ ತಾನೂ ನಗುತ್ತಿದ್ದ. ಆದರೆ ಪ್ರಾರ್ಥನೆ ಮುಗಿದ ಮೇಲೆ ನನಗೆ ಪುಸ್ತಕಗಳನ್ನು ಜೋಡಿಸಿಕೊಡುವಾಗ ಅವನ ಮುಖ ನೋಡಿದವಳು ನಾನು. ಆ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಆ ವರ್ಷ ಕುಲಪತಿ ಎಲ್ಕಾನ ಅಯ್ಯನವರು ಆಡಳಿತ ಮಂಡಳಿಯ ತೀರ್ಮಾನವನ್ನು ಓದಿ ಹೇಳಿದರು. ಹೊಳೆಯಾಚೆಯ ವಿಶ್ವವಿದ್ಯಾಲಯದ ಜೊತೆಗಿನ ವಾರ್ಷಿಕ ಪಂದ್ಯವನ್ನು ಈ ಸಲವೂ ಸೋತರೆ ನಮ್ಮಲ್ಲಿ ಫುಟ್‌ಬಾಲ್ ಬಂದ್. ಮೈದಾನದಲ್ಲಿ ಸೂರ್ಯಕಾಂತಿ ಹಾಕಿ ಜೇನುಪೆಟ್ಟಿಗೆ ಇಡುವುದು. ಬೋವಜ ಜೇನು ಓದುವವನಾದ್ದರಿಂದ ಅವನಿಗೆ ಸಂತೋಷವಾಗಬಹುದು ಎಂದು ಅಯ್ಯನವರು ಪ್ರಾಮಾಣಿಕವಾಗಿ ನಂಬಿದ್ದರು. ಅವನು ನನ್ನ ಹತ್ತಿರ ಬಂದು ಪುಸ್ತಕದ ರಾಶಿಯ ಮೇಲೆ ಕುಸಿದು ಕೂತ.

“ಟೀಚರ್, ನನಗಿಂತ ಮುಂಚೆ ಗೋಲಿಗೆ ನಿಂತವ್ರೂ ಎಲ್ಲ ಸೋತವರೇ. ಆದ್ರೆ ನನ್ನ ಕೈಯಲ್ಲೇ ಆಟ ಸತ್ತುಹೋಯ್ತು ಅಂತ ಆಗ್ಬಾರ್ದು” ಎಂದ.

ತರಬೇತುದಾರ ನೆಹೆಮೀಯ ಮಾಸ್ತರು ಸುಮ್ಮನೆ ಕೂರುವ ಜಾಯಮಾನದವರಲ್ಲ. ಗೋಲ್‌ಕೀಪರನ ಬಲಗಡೆ ಯಾರನ್ನಾದರೂ ನಿಲ್ಲಿಸಿದರೆ ಮುಗಿಯಿತಲ್ಲ ಎಂದು ಅವರಿಗೆ ಹೊಳೆಯಿತು. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲವೆಂದರೆ, ಮಿಷನರಿ ಸಾಹೇಬರ ಕಟ್ಟಳೆಯನ್ನು ಮುರಿಯಬಹುದು ಎನ್ನುವುದೇ ನಮ್ಮೂರಿನವರ ತಲೆಗೆ ಹೋಗುವುದಿಲ್ಲ. ಮಾಸ್ತರು ತಂಡದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಆಸೆಪಡುವ ಹುಡುಗನನ್ನು ಆರಿಸಿದರು. ಅವನು ಹನ್ನೊಂದನೆಯ ಅಂಗಿಯ ಗಿದ್ಯೋನ, ಗೋಲು ಹೊಡೆಯುವ ಹುಚ್ಚು ಹಿಡಿದವನು. ಅಭ್ಯಾಸದ ಆಟದ ದಿನ ಗಿದ್ಯೋನ ಬೋವಜನ ಬಲಗಡೆ ನಿಂತು ಕಣ್ಣು ಮುಚ್ಚಿದ. ಅವನ ಆಸೆ ಯಾವಾಗಲೂ ಒಂದೇ: ನಾನು ಮುಟ್ಟಿದ ಚೆಂಡು ಬಲೆಗೆ ಬೀಳಲಿ.

ಆಟ ಶುರುವಾಯಿತು. ಮೊದಲ ಚೆಂಡು ಬೋವಜನ ಕಡೆಗೆ ಬಂತು. ಅವನು ಮುಟ್ಟಿದ. ಚೆಂಡು ಬಲೆಗೆ ಬಿತ್ತು, ಅವನ ಹಿಂದೆಯೇ ಇದ್ದ ಬಲೆಗೆ. ಎರಡನೆಯದನ್ನು ಅವನು ಎದೆಗೆ ಅವಚಿಕೊಂಡ. ಅದು ಕಂಕುಳಿನಿಂದ ನುಣುಚಿ ಬಲೆಗೆ ಬಿತ್ತು. ಮೂರನೆಯದನ್ನು ಮೈದಾನದ ಆಚೆಗೆ ಒದ್ದರೆ ಅದು ಬೇವಿನ ಮರಕ್ಕೆ ಬಡಿದು, ವಾಪಸು ಹಾರಿ ಬಂದು, ಅವನ ತಲೆಯ ಮೇಲಿನಿಂದ ಬಲೆಗೆ ಬಿತ್ತು. ಗಿದ್ಯೋನ ಅಸೂಯೆಯಿಂದ ನೋಡುತ್ತ ನಿಂತಿದ್ದ. ಅಷ್ಟು ಗೋಲು ಅವನು ಜನ್ಮದಲ್ಲಿ ಹೊಡೆದಿರಲಿಲ್ಲ.

ಮಾಸ್ತರಿಗೆ ಆಗ ವಿಷಯ ಅರ್ಥವಾಯಿತು. ಯಾರೋ ಒಬ್ಬರು ನಿಂತರೆ ಸಾಲದು, ಹಿಡಿತಕ್ಕಾಗಿಯೇ ಹಂಬಲಿಸುವವರು ನಿಲ್ಲಬೇಕು. ಕೈ ಜಾರಬಾರದು, ನಡುಗಬಾರದು ಎಂದು ತನಗಾಗಿಯೇ ಬೇಡುವವರು ಈ ಊರಿನಲ್ಲಿ ಯಾರಿದ್ದಾರೆ ಎಂದು ಅವರು ಮನೆ ಮನೆ ಸುತ್ತಿದರು. ಕೊನೆಗೆ ನಮ್ಮ ಮನೆಗೆ ಬಂದಾಗ ಯಜಮಾನರು ಅವರಿಗೂ ಸೂಜಿಗೆ ದಾರ ಪೋಣಿಸಿ ತೋರಿಸಿದರು. ಮಾಸ್ತರು ಆ ಸೂಜಿಯನ್ನು ನೋಡಿದರು. ಆಮೇಲೆ ನಾನು ತಂದಿಟ್ಟ ಕಾಫಿಯ ಲೋಟದ ಸುತ್ತ ತಟ್ಟೆಯಲ್ಲಿ ಚೆಲ್ಲಿದ್ದ ಕಾಫಿಯನ್ನು ನೋಡಿದರು.

ಮಾಸ್ತರ ಹಿಂದೆ ಬಂದು ಬಾಗಿಲಲ್ಲಿ ನಿಂತಿದ್ದ ಬೋವಜ ಒಪ್ಪಲಿಲ್ಲ. “ಬೇಡ ಸಾರ್. ಅವ್ರ ಆಸೆ ಅವ್ರಿಗಿರ್ಲಿ” ಎಂದ.

ನನಗೆ ಸಿಟ್ಟು ಬಂತು. “ನನಗೆಲ್ಲಿ ಉಳಿಯುತ್ತೋ ಅದು? ಇಷ್ಟು ವರ್ಷ ಇವರ ಸೂಜಿಗೆ ಹೋಯ್ತು. ಒಂದು ದಿನ ನಿನ್ನ ಚೆಂಡಿಗೆ ಹೋಗಲಿ ಬಿಡು” ಎಂದೆ. ಶನಿವಾರದ ಪಂದ್ಯಕ್ಕೆ ಖರ್ಚಾದರೆ ಭಾನುವಾರಕ್ಕೆ ತಮಗೆ ಉಳಿಯುತ್ತದೆಯೇ ಎಂದು ಯಜಮಾನರು ವಿಚಾರಿಸಿದರು.

ಸಾಲಿನಲ್ಲಿ ನಿಲ್ಲಬೇಕಾದರೆ ಅಂಗಿ ಬೇಕು, ಅಂಗಿಗೆ ಸಂಖ್ಯೆ ಬೇಕು, ಸಂಖ್ಯೆ ಒಂದಕ್ಕಿಂತ ಮುಂಚಿನದಾಗಿರಬೇಕು. ಸಾಹೇಬರ ಕಟ್ಟಳೆಯನ್ನು ಮುರಿಯಲು ಮಾಸ್ತರಿಗೂ ಪೂರಾ ಧೈರ್ಯ ಬರಲಿಲ್ಲ ನೋಡಿ. ದರ್ಜಿ ನನ್ನ ಅಳತೆಗೆ ಒಂದು ನೀಲಿ ಅಂಗಿ ಹೊಲಿದು ಬೆನ್ನಿನ ಮೇಲೆ ದೊಡ್ಡದೊಂದು ಸೊನ್ನೆ ಹಚ್ಚಿದ. ಪಂದ್ಯದ ದಿನ ನಾನು ಸೀರೆಯ ಮೇಲೆ ಅದನ್ನು ತೊಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈದಾನಕ್ಕೆ ಇಳಿದಾಗ ಹೊಳೆಯಾಚೆಯ ಹುಡುಗರು ಬಾಯಿ ಬಿಟ್ಟುಕೊಂಡು ನಿಂತರು. ರೆಫ್ರಿ ಬಂದು ಇವರು ಯಾರು ಎಂದು ಕೇಳಿದ. ಬದಲಿ ಆಟಗಾರ್ತಿ, ತೀರಾ ಅಗತ್ಯ ಬಿದ್ದರೆ ಮಾತ್ರ ಇಳಿಸುತ್ತೇವೆ ಎಂದು ಮಾಸ್ತರು ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಹೇಳಿದರು. ನನ್ನನ್ನು ಆಡಿಸಬಾರದು ಎನ್ನುವ ನಿಯಮ ರೆಫ್ರಿಗೆ ಎಲ್ಲೂ ಸಿಗಲಿಲ್ಲ.

ಮಾಸ್ತರು ಅಲ್ಲಿಗೇ ನಿಲ್ಲಿಸಿದ್ದರೆ ಅವರನ್ನು ಸಾಧು ಎನ್ನಬಹುದಿತ್ತು. ಪ್ರತಿ ವರ್ಷ ಎದುರು ತಂಡ ನಮ್ಮ ಪ್ರಾರ್ಥನೆ ಮುಗಿಯುವ ತನಕ ಮೈದಾನದ ಆಚೆ ನಿಂತು ಕಾಯುತ್ತಿತ್ತು. ಈ ಸಲ ಮಾಸ್ತರು ಅವರ ಬಳಿಗೆ ಹೋಗಿ ಕೈಮುಗಿದರು. ಅತಿಥಿಗಳನ್ನು ದೂರ ನಿಲ್ಲಿಸಿ ಪ್ರಾರ್ಥಿಸುವುದು ನಮ್ಮ ಮನಸ್ಸಿಗೆ ಬಾರದು, ನೀವೂ ನಮ್ಮದೇ ಸಾಲಿನಲ್ಲಿ ನಿಲ್ಲಬೇಕು, ನಮ್ಮ ಎಡಗಡೆಗೆ, ಅದು ನಮ್ಮೂರಿನಲ್ಲಿ ಮರ್ಯಾದೆಯ ಜಾಗ ಎಂದು ಬಹಳ ವಿನಯದಿಂದ ಕರೆದರು. ಎಡಗಡೆ ಮರ್ಯಾದೆಯ ಜಾಗವೆನ್ನುವುದು ಸುಳ್ಳಲ್ಲ. ಅವರು ಸಂತೋಷದಿಂದಲೇ ಬಂದು ಅವರ ಒಂದನೆಯ ಅಂಗಿಯಿಂದ ಶುರುಮಾಡಿ ಸಾಲಾಗಿ ನಿಂತರು. ಹಾಗೆ ನಮ್ಮ ಗಿದ್ಯೋನನ ಎಡಭುಜಕ್ಕೆ ಅವರ ಗೋಲ್‌ಕೀಪರನ ಬಲಭುಜ ತಗುಲಿತು. ಎಲ್ಕಾನ ಅಯ್ಯನವರು ಅದನ್ನು ನೋಡಿದರು, ಮಾಸ್ತರನ್ನು ನೋಡಿದರು, ಆಮೇಲೆ ಆಕಾಶದಲ್ಲಿ ಏನೋ ಇದೆ ಎನ್ನುವ ಹಾಗೆ ಅಲ್ಲಿಗೆ ದೃಷ್ಟಿ ನೆಟ್ಟು ಪ್ರಾರ್ಥನೆ ಆರಂಭಿಸಿದರು.

ಎಲ್ಲರೂ ಕಣ್ಣು ಮುಚ್ಚಿದರು. ಹೊಳೆಯಾಚೆಯವರು ನಮ್ಮ ಮೇಲಿನ ಗೌರವಕ್ಕೆ ಕಣ್ಣು ಮುಚ್ಚಿದರೂ ಅವರ ಮನಸ್ಸು ಊಟದ ಮೇಲಿತ್ತು ಎಂದು ಕಾಣುತ್ತದೆ. ಅವರ ಸಾಲಿನ ಎಡತುದಿಯಲ್ಲಿ ನಿಂತಿದ್ದ ನಮ್ಮ ಲೈನ್‌ಮನ್ ಓಬೇದನಿಗೆ ಅವತ್ತು ಸಂಜೆ ಗುರುತಿಲ್ಲದವರ ಮನೆಯಲ್ಲಿ ಕೋಳಿಸಾರಿನ ಊಟ ಸಿಕ್ಕಿತು.

ನಾನೂ ಕಣ್ಣು ಮುಚ್ಚಿದೆ. ಪಕ್ಕದಲ್ಲಿ ಬೋವಜನ ಉಸಿರು ಕೇಳುತ್ತಿತ್ತು. ಪಾಪ ಈ ಹುಡುಗ ಒಂದು ಸಲವಾದರೂ ಗೆಲ್ಲಲಿ ಎಂದು ನನ್ನ ಮನಸ್ಸು ಹೇಳಿತು. ಹೇಳಿದ ಕೂಡಲೇ ತಪ್ಪು ತಿಳಿಯಿತು. ಅದು ಅವನಿಗಾಗಿ ಬೇಡಿದ್ದು. ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ. ನನಗೆ ಬೇಕು ಎಂದು ಬೇಡಬೇಕಿತ್ತು. ನನ್ನ ಕೈ ನಿಲ್ಲಲಿ ಎಂದು ಬಾಯಲ್ಲಿ ಹೇಳಿಕೊಂಡೆ. ಮನಸ್ಸು ಮಾತ್ರ ಮತ್ತೆ ಅವನ ಕಡೆಗೇ ಓಡಿತು. ಪ್ರತಿ ಭಾನುವಾರ ತಾನಾಗಿಯೇ ಉಕ್ಕುತ್ತಿದ್ದ ಆಸೆ ಬೇಕಾದ ದಿನವೇ ಕೈಕೊಟ್ಟಿತು. ಅಯ್ಯನವರ ಪ್ರಾರ್ಥನೆ ಕೊನೆಯ ಮಾತುಗಳಿಗೆ ಬಂದಿತ್ತು.

ನಾನು ಕಣ್ಣು ತೆರೆದು ನನ್ನ ಕೈಗಳನ್ನು ನೋಡಿದೆ. ಗಾಳಿ ಇಲ್ಲದಿದ್ದರೂ ಅಲುಗುತ್ತಿದ್ದವು. ಹರೆಯದಲ್ಲಿ ನಾನು ಸುಗ್ಗಿಯ ಸ್ತೋತ್ರ ನುಡಿಸುವಾಗ ಮೂರನೆಯ ಪಂಕ್ತಿಯಲ್ಲಿ ಬೆರಳುಗಳು ಓಡುವ ಒಂದು ಜಾಗವಿತ್ತು. ಅಲ್ಲಿಗೆ ಬಂದರೆ ಹಾಡುವವರು ಹಾಡು ಬಿಟ್ಟು ಕೇಳುತ್ತಿದ್ದರು. ಈಗ ಅಲ್ಲಿಗೆ ಬಂದರೆ ನನ್ನ ತಪ್ಪು ಮುಚ್ಚಲು ಎಲ್ಲರೂ ಗಟ್ಟಿಯಾಗಿ ಹಾಡುತ್ತಾರೆ. ಒಳ್ಳೆಯ ಜನ. ಅವರ ಒಳ್ಳೆಯತನ ನೆನೆದು ನನಗೆ ಅಳು ಬಂತು, ಹೊಟ್ಟೆ ಉರಿಯಿತು. ಕೊಡು, ನನ್ನ ಕೈ ನನಗೆ ಕೊಡು ಎಂದು ಬೇಡಿದೆ. ಆ ಗಳಿಗೆಯಲ್ಲಿ ಬೋವಜ ಯಾರು, ಫುಟ್‌ಬಾಲ್ ಏನು ಎನ್ನುವುದೇ ನನಗೆ ಮರೆತುಹೋಯಿತು. ಎಲ್ಲರೂ ಆಮೆನ್ ಎಂದರು. ನನ್ನ ಕೈ ಹಾಗೆಯೇ ನಡುಗುತ್ತಿತ್ತು.

ಆಟ ಪೂರ್ತಿ ನಮ್ಮ ಗೋಲಿನ ಮುಂದೆಯೇ ನಡೆಯಿತು. ಹೊಳೆಯಾಚೆಯವರು ಒಂದೇ ಸಮನೆ ಹೊಡೆದರು, ಬೋವಜ ಒಂದೇ ಸಮನೆ ಹಿಡಿದ. ಮೊದಲನೆಯದನ್ನು ಹಿಡಿದಾಗ ಅವನೇ ನಂಬದೆ ಹಿಂದಿನ ಬಲೆಯನ್ನು ತಿರುಗಿ ನೋಡಿದ. ಆಮೇಲಾಮೇಲೆ ಒಂದು ಕೈಯಲ್ಲೂ ಹಿಡಿಯತೊಡಗಿದ. ಹಲಸಿನ ಅಂಟು ಬಳಿದಿದ್ದಾರೆಂದು ಎದುರು ತಂಡದವರು ದೂರಿದರು. ರೆಫ್ರಿ ಅವನ ಅಂಗೈ ಮೂಸಿ ನೋಡಿ ಜೇನಿನ ವಾಸನೆ ಬಿಟ್ಟರೆ ಏನೂ ಇಲ್ಲವೆಂದ. ಹೆಬ್ಬಾಗಿಲು ಎಂದು ಹೆಸರಿಟ್ಟಿದ್ದ ಹುಡುಗರು ಬೀಗ, ಬೀಗ ಎಂದು ಕೂಗತೊಡಗಿದರು. ನಮ್ಮ ಯಜಮಾನರು ಮರದ ಕೆಳಗೆ ಕೂತು ಬೋವಜ ಚೆಂಡು ಹಿಡಿದಾಗಲೆಲ್ಲ ಅಕ್ಕಪಕ್ಕದವರಿಗೆ ಅದು ನಿಜವಾಗಿ ತಮ್ಮ ಪಾಲಿನದು ಎಂದು ಹೇಳುತ್ತಿದ್ದರು.

ಆದರೆ ಸೋಲದಿದ್ದರೆ ಸಾಲದು, ಗೆಲ್ಲಬೇಕು ಎಂದು ಅಯ್ಯನವರು ಮಂಡಳಿಯ ಮಾತಿಗೆ ಮಧ್ಯಾಹ್ನವೇ ಅರ್ಥ ಹೇಳಿಬಿಟ್ಟಿದ್ದರು. ನಮ್ಮವರ ಚೆಂಡು ಎದುರು ಗೋಲಿನ ಹತ್ತಿರಕ್ಕೂ ಸುಳಿದಿರಲಿಲ್ಲ. ಅವರ ಗೋಲ್‌ಕೀಪರ್ ಇಡೀ ಆಟದಲ್ಲಿ ಒಂದು ಸಲವೂ ಚೆಂಡು ಮುಟ್ಟದೆ ಕಂಬಕ್ಕೆ ಒರಗಿ ಆಕಳಿಸುತ್ತಿದ್ದ. ಹೊತ್ತು ಮುಗಿಯುತ್ತ ಬಂತು. ರೆಫ್ರಿ ಸೀಟಿಯನ್ನು ಬಾಯಿಗೆ ಇಟ್ಟುಕೊಂಡಾಗ ಬೋವಜ ಕೈಯಲ್ಲಿದ್ದ ಚೆಂಡನ್ನು ಶಕ್ತಿಯೆಲ್ಲ ಹಾಕಿ ಒದ್ದ. ಅದು ಎಲ್ಲರ ತಲೆಯ ಮೇಲೆ ಹಾದು, ನೆಲಕ್ಕೆ ಬಿದ್ದು, ಪುಟಿದು ಪುಟಿದು ಸುಸ್ತಾಗಿ, ಕೊನೆಗೆ ಸಂಜೆ ಮನೆಗೆ ಹೋಗುವ ಹಸುವಿನ ಹಾಗೆ ನಿಧಾನಕ್ಕೆ ಉರುಳಿಕೊಂಡು ಅವರ ಗೋಲ್‌ಕೀಪರನ ಕಾಲ ಬಳಿಗೆ ಹೋಯಿತು. ಅಕ್ಕಪಕ್ಕ ನಮ್ಮವರು ಒಬ್ಬರೂ ಇರಲಿಲ್ಲ. ಅವನು ಆಕಳಿಕೆ ಮುಗಿಸಿ ಬಗ್ಗಿದ. ಎರಡೂ ಕೈಯಿಂದ ಚೆಂಡನ್ನು ಮುಟ್ಟಿದ.

ಚೆಂಡು ಅವನ ಕಾಲುಗಳ ನಡುವೆ ನುಸುಳಿ ಬಲೆಗೆ ಹೋಗಿ ಮಲಗಿತು. ಮೈದಾನದ ಮಧ್ಯದಲ್ಲಿ ನಿಂತಿದ್ದ ಗಿದ್ಯೋನ ಎರಡೂ ಕೈ ಎತ್ತಿ ಅದು ನಂದು, ನಂದು ಎಂದು ಕೂಗುತ್ತ ಓಡಿದ. ಒಂದು ಲೆಕ್ಕದಲ್ಲಿ ಅವನು ಹೇಳಿದ್ದು ನಿಜವೇ ಆಗಿತ್ತು.

ಹುಡುಗರು ಬೋವಜನನ್ನು ಹೊತ್ತು ಮೆರೆಸಿದರು, ಸೊನ್ನೆ ಅಂಗಿಯ ನನ್ನನ್ನೂ ಎತ್ತಲು ಬಂದಾಗ ನಾನು ಬೈದು ಕಳಿಸಿದೆ. ಸೂರ್ಯಕಾಂತಿ ಬೀಜದ ಮೂಟೆಗಳನ್ನು ಅಯ್ಯನವರು ಗಿಳಿಗಳಿಗೆ ಹಾಕಿಸಿದರು. ಗದ್ದಲ ಮುಗಿದ ಮೇಲೆ ಬೋವಜ ಬಂದು ನನ್ನ ಎದುರು ನಿಂತು ತನ್ನ ಕೈಗಳನ್ನು ನೋಡಿಕೊಂಡ, ನನ್ನ ಕೈಗಳನ್ನು ನೋಡಿದ. ಆಮೇಲೆ ತಿರುಗಿ ಓಡಿಹೋದ. ನನಗೂ ಗೆದ್ದ ಸಂತೋಷದ ಅಡಿಯಲ್ಲಿ ಸಣ್ಣದೊಂದು ದುಃಖವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅಷ್ಟು ಗಟ್ಟಿಯಾಗಿ ನಾನು ಹಿಂದೆಂದೂ ಬೇಡಿರಲಿಲ್ಲ.

ಮರುವಾರದಿಂದ ಹಾಸ್ಟೆಲಿನವರ ದೂರು ಶುರುವಾಯಿತು. ಬೋವಜ ಎಲ್ಲಿಂದಲೋ ಒಂದು ಮುರುಕು ಕೈ ಹಾರ್ಮೋನಿಯಂ ಪೆಟ್ಟಿಗೆ ತಂದು ಹಗಲೆಲ್ಲ ನುಡಿಸಲು ಕಲಿಯುತ್ತಿದ್ದ. ಆ ಸದ್ದಿಗೆ ಅವನ ಜೇನುಹುಳಗಳೇ ಗೂಡು ಬಿಟ್ಟು ಬೇವಿನ ಮರಕ್ಕೆ ಹೋದವು. ಹೇಳಿಕೊಡಿ ಎಂದು ನನ್ನಲ್ಲಿಗೆ ಬಂದ. ಕಲಿಸುವ ನನಗೇ ಕಣ್ಣೀರು ಬರುವಷ್ಟು ಕೆಟ್ಟದಾಗಿ ನುಡಿಸುತ್ತಿದ್ದ. ನಿನಗಿದು ಬರುವುದಿಲ್ಲ, ಬಿಟ್ಟುಬಿಡು ಎಂದರೂ ಕೇಳಲಿಲ್ಲ. ಇದರ ಹುಚ್ಚು ಇವನಿಗೆ ಯಾಕೆ ಹತ್ತಿತು ಎಂದು ನನಗೆ ತಿಳಿಯಲಿಲ್ಲ. ಆದರೆ ಸಂಗೀತದ ಆಸೆ ಅವನಲ್ಲಿ ನಿಜವಾಗಿಯೂ ಹುಟ್ಟಿತ್ತು. ಒಂದು ದಿನ ಸುಗ್ಗಿಯ ಸ್ತೋತ್ರದ ಮೂರನೆಯ ಪಂಕ್ತಿಯಲ್ಲಿ ಮುಗ್ಗರಿಸಿ, ಪೆಟ್ಟಿಗೆಯ ಮೇಲೆ ತಲೆಯಿಟ್ಟು, ದೊಡ್ಡ ಗಂಡಾಳು ಬಿಕ್ಕಿಬಿಕ್ಕಿ ಅತ್ತ.

ಅದಾದ ಮುಂದಿನ ಭಾನುವಾರ ನಾನು ದೇವಾಲಯಕ್ಕೆ ಹೋದಾಗ ನನ್ನ ಬಲಗಡೆಯ ಪುಸ್ತಕದ ರಾಶಿ ಅಲ್ಲಿರಲಿಲ್ಲ. ಹಾರ್ಮೋನಿಯಂಗೂ ಗೋಡೆಗೂ ನಡುವಿನ ಗೇಣಗಲದ ಜಾಗದಲ್ಲಿ ಬೋವಜ ಮೊಣಕಾಲುಗಳನ್ನು ಗಲ್ಲಕ್ಕೆ ಮಡಚಿಕೊಂಡು ತುರುಕಿಕೊಂಡಿದ್ದ. ಇಲ್ಲೇನು ಮಾಡ್ತಿದ್ದೀಯೋ ಎಂದು ಪಿಸುಗುಟ್ಟಿದೆ.

“ನನಗೆ ಬೇಕಾದದ್ದನ್ನ ಬೇಡ್ಕೊಳ್ತಿದ್ದೀನಿ ಟೀಚರ್” ಎಂದು ಕಣ್ಣು ಮುಚ್ಚಿದ.

ಅವತ್ತು ಸುಗ್ಗಿಯ ಸ್ತೋತ್ರ. ಮೂರನೆಯ ಪಂಕ್ತಿ ಹತ್ತಿರ ಬಂದಾಗ ಜನ ಅಭ್ಯಾಸದ ಪ್ರಕಾರ ದನಿ ಏರಿಸಿದರು. ಆಮೇಲೆ ಒಬ್ಬೊಬ್ಬರೇ ಹಾಡು ನಿಲ್ಲಿಸಿದರು.

ಬೋವಜ ಈಗ ಹೊಳೆಯಾಚೆಯ ಶಾಲೆಯೊಂದರಲ್ಲಿ ಮಾಸ್ತರ. ಮಳೆಯಿರಲಿ ಬಿಸಿಲಿರಲಿ, ಭಾನುವಾರದ ಮೊದಲ ದೋಣಿಗೆ ಬಂದು ಆ ಸಂದಿನಲ್ಲಿ ಕೂರುತ್ತಾನೆ. ಮದುವೆಯಾಗಿ ಸ್ವಲ್ಪ ದಪ್ಪಗಾಗಿದ್ದಾನೆ, ಹೊರಗೆ ಬರಲು ಇಬ್ಬರು ಎಳೆಯಬೇಕು. ಮನೆಯಲ್ಲಿ ದಿನವೂ ಅಭ್ಯಾಸ ಮಾಡುತ್ತಾನಂತೆ, ಅವನ ಹೆಂಡತಿ ನನ್ನನ್ನು ಕಂಡಾಗಲೆಲ್ಲ ಇದಕ್ಕೆ ಕೊನೆಯೇ ಇಲ್ಲವೇ ಎಂದು ಕೇಳುತ್ತಾಳೆ. ಅವನು ಬೇಡಿದ್ದೆಲ್ಲ ನನ್ನ ಬೆರಳಿಗೆ ಬರುವುದರಿಂದ ಅವನ ಬೆರಳಿಗೆ ಒಂದು ಸ್ವರವೂ ನೆಟ್ಟಗೆ ಬಂದಿಲ್ಲ. ಬಾರದಿರುವುದರಿಂದ ಅವನ ಆಸೆಯೂ ಕಡಿಮೆಯಾಗಿಲ್ಲ. ನಾನು ನುಡಿಸುವಾಗ ಅವನು ಕಣ್ಣು ಮುಚ್ಚಿ ಕೇಳುತ್ತಾನೆ, ಹೊಟ್ಟೆಕಿಚ್ಚಿನಿಂದ ಅವನ ಮುಖ ಕೆಂಪಗಾಗಿರುತ್ತದೆ.